ಹಡಗಿಗೆ ನಾಲ್ಕು ಸ್ಟಾರ್, ಜಾಗಕ್ಕೆ ಒಂದು: ಕ್ರಿಬ್ ಪಾಯಿಂಟ್ ಗ್ಯಾಸ್ ಟರ್ಮಿನಲ್ ಯೋಜನೆ ಹೇಗಿತ್ತು?

ತೇಲುವ ಗ್ಯಾಸ್ ಟರ್ಮಿನಲ್ ಈಗ ಬಾಡಿಗೆಗೆ ಸಿಗುವ ಸರಕು. ದಿನಕ್ಕಿಷ್ಟು ಎಂದು ಮಾತಾಡಿ ಹಡಗನ್ನು ಹತ್ತು ವರ್ಷಕ್ಕೆ ಹಿಡಿಯಬಹುದು. ಅದು ಬಂದು ಜಟ್ಟಿಗೆ, ಅಂದರೆ ಹಡಗುಕಟ್ಟೆಗೆ, ಕಟ್ಟಿಕೊಳ್ಳುತ್ತದೆ, ದ್ರವರೂಪದ ನೈಸರ್ಗಿಕ ಅನಿಲವನ್ನು (ಎಲ್‌ಎನ್‌ಜಿ) ಬೇರೆ ಹಡಗುಗಳಿಂದ ತುಂಬಿಸಿಕೊಳ್ಳುತ್ತದೆ, ಬಿಸಿ ಮಾಡಿ ಗ್ಯಾಸ್ ಆಗಿಸಿ ದಡದ ಪೈಪಿಗೆ ಒತ್ತುತ್ತದೆ. ಒಪ್ಪಂದ ಮುಗಿದ ಮೇಲೆ ಹಗ್ಗ ಬಿಚ್ಚಿಕೊಂಡು ಇನ್ನೊಂದು ದೇಶಕ್ಕೆ ಹೊರಡುತ್ತದೆ. ಮಾರುವವರು ಇಷ್ಟನ್ನೇ ಹೇಳುತ್ತಾರೆ, ಇಷ್ಟೂ ನಿಜವೇ. ಹೇಳದೆ ಬಿಡುವ ಭಾಗ ಹಡಗಿನ ತಳದಲ್ಲಿ ಒಳಗೆ ಹೋಗಿ ಹೊರಗೆ ಬರುವ ಸಮುದ್ರದ ನೀರಿನಲ್ಲಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕ್ರಿಬ್ ಪಾಯಿಂಟ್ ಯೋಜನೆ ಬಿದ್ದುಹೋದದ್ದು ಈ ನೀರಿನಿಂದ. ಇಂಥ ಸೇವೆಯನ್ನು ತೂಗಿ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಲ್ಲಿ ಬೇಡವಾದ ಅದೇ ಹಡಗು ಮುಂದೆ ಜರ್ಮನಿಯಲ್ಲಿ ಕೆಲಸಕ್ಕೆ ನಿಂತಿತು. ಒಂದೇ ಯಂತ್ರ ಎರಡು ಕೊಲ್ಲಿಗಳಲ್ಲಿ ಹೇಗೆ ಅಂತ ನೋಡಲು ಇಂಥ ಅನುಕೂಲ ಪದೇಪದೇ ಸಿಗುವುದಿಲ್ಲ.

ಯೋಜನೆ ಎಜಿಎಲ್ ಎನರ್ಜಿ ಕಂಪನಿಯದು. 2017ರಲ್ಲಿ ಮೆಲ್ಬೋರ್ನ್‌ನ ಆಗ್ನೇಯಕ್ಕಿರುವ ವೆಸ್ಟರ್ನ್ ಪೋರ್ಟ್ ಕೊಲ್ಲಿಯ ಕ್ರಿಬ್ ಪಾಯಿಂಟ್ ಜಾಗವನ್ನು ಕಂಪನಿ ಆರಿಸಿತು. 2018ರ ಡಿಸೆಂಬರಿನಲ್ಲಿ ನಾರ್ವೆಯ ಹೊಯೆಗ್ ಎಲ್‌ಎನ್‌ಜಿ ಕಂಪನಿಯೊಂದಿಗೆ 10 ವರ್ಷದ ಬಾಡಿಗೆ ಕರಾರು ಆಯಿತು. ಹಡಗಿನ ಹೆಸರು ಹೊಯೆಗ್ ಎಸ್ಪೆರಾನ್ಸಾ. ಸ್ಪ್ಯಾನಿಷ್‌ನಲ್ಲಿ ಎಸ್ಪೆರಾನ್ಸಾ ಅಂದರೆ ಭರವಸೆ. ಹೆಸರಿಟ್ಟವರಿಗೆ ಮುಂದಿನ ಕತೆ ಗೊತ್ತಿರಲಿಲ್ಲ. ದಡದಿಂದ ಪೇಕನಮ್ ಊರಿನವರೆಗೆ ಸುಮಾರು 57 ಕಿ.ಮೀ. ಉದ್ದದ, 600 ಮಿ.ಮೀ. ವ್ಯಾಸದ ಪೈಪ್‌ಲೈನನ್ನು ಎಪಿಎ ಗ್ರೂಪ್ ಹಾಕಬೇಕಿತ್ತು. 2021ರ ಮಾರ್ಚ್ 30ರಂದು ರಾಜ್ಯದ ಯೋಜನಾ ಸಚಿವ ರಿಚರ್ಡ್ ವಿನ್, ಪರಿಸರದ ಮೇಲಿನ ಪರಿಣಾಮ ಒಪ್ಪತಕ್ಕದ್ದಲ್ಲ ಎಂದು ತೀರ್ಪು ಕೊಟ್ಟರು. ಕೆಲವೇ ವಾರಗಳಲ್ಲಿ ಎಜಿಎಲ್ ಕೈಬಿಟ್ಟಿತು.

ಹಡಗು

ಮೊದಲು ಒಳ್ಳೆಯದನ್ನು ಹೇಳೋಣ, ಯಾಕೆಂದರೆ ಹಡಗಿನಲ್ಲಿ ಹುಳುಕು ಕಡಿಮೆ. ಎಸ್ಪೆರಾನ್ಸಾ 2018ರಲ್ಲಿ ಕೊರಿಯಾದ ಹ್ಯುಂಡೈ ಹೆವಿ ಇಂಡಸ್ಟ್ರೀಸ್ ಕಟ್ಟಿದ ಹಡಗು. ಉದ್ದ 294 ಮೀಟರ್, ಅಗಲ 46 ಮೀಟರ್, ಒಳಗೆ 1,70,000 ಘನ ಮೀಟರ್ ದ್ರವ ಹಿಡಿಯುತ್ತದೆ. ಅನಿಲ ಮೈನಸ್ 162 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವವಾಗಿ ಸುಮಾರು 600 ಪಟ್ಟು ಕುಗ್ಗಿರುತ್ತದೆ. ಅಂದರೆ ಒಂದು ತುಂಬಿದ ಹಡಗಿನಲ್ಲಿ 10 ಕೋಟಿ ಘನ ಮೀಟರ್ ಗ್ಯಾಸ್ ಇದೆ ಅಂತ ಲೆಕ್ಕ, ತೂಕದಲ್ಲಿ 75 ಸಾವಿರ ಟನ್ನಿನ ಆಸುಪಾಸು.

ಕೆಲಸದ ಕ್ರಮ ಹೀಗೆ. ಸರಕು ತರುವ ಹಡಗು ಬಂದು ಇದರ ಪಕ್ಕಕ್ಕೇ ಆನಿಸಿಕೊಂಡು ನಿಲ್ಲುತ್ತದೆ. ನಡುವೆ ದೊಡ್ಡ ರಬ್ಬರ್ ಫೆಂಡರ್‌ಗಳು. ಅತಿಶೀತಕ್ಕೆ ತಡೆಯುವ ಬಳುಕುವ ಹೋಸ್‌ಗಳನ್ನು ಜೋಡಿಸಿ, ಮೊದಲು ಸ್ವಲ್ಪ ಸ್ವಲ್ಪವೇ ದ್ರವ ಬಿಟ್ಟು ಹೋಸ್‌ಗಳನ್ನು ತಣ್ಣಗಾಗಿಸಿ, ಆಮೇಲೆ ಪೂರ್ಣ ಹರಿವು ಕೊಡುತ್ತಾರೆ. ಅವಸರ ಮಾಡಿದರೆ ಲೋಹ ಒಮ್ಮೆಲೇ ಕುಗ್ಗಿ ಜೋಡಣೆ ಸೋರುತ್ತದೆ. ಕಟ್ಟುವುದು ಬಿಚ್ಚುವುದು ಸೇರಿ ಒಂದು ಸರಕು ಇಳಿಸಲು ಒಂದರಿಂದ ಒಂದೂವರೆ ದಿನ ಹಿಡಿಯುತ್ತದೆ. ಟ್ಯಾಂಕಿನಲ್ಲಿರುವ ದ್ರವ ಸುಮ್ಮನೆ ಇರುವುದೂ ಇಲ್ಲ. ನಿರೋಧಕ ಎಷ್ಟೇ ಚೆನ್ನಾಗಿದ್ದರೂ ದಿನಕ್ಕೆ ಶೇ. 0.1ರಿಂದ 0.15ರಷ್ಟು ತಾನಾಗಿ ಆವಿಯಾಗುತ್ತದೆ, ಇಷ್ಟು ದೊಡ್ಡ ಹಡಗಿನಲ್ಲಿ ಅದೇ ನೂರು ಟನ್ ದಾಟಬಹುದು. ಆ ಆವಿಯನ್ನು ಎಂಜಿನ್‌ಗೆ ಉರುವಲಾಗಿ ಕೊಡಬೇಕು ಇಲ್ಲವೇ ಮತ್ತೆ ದ್ರವಕ್ಕೆ ಬೆರೆಸಬೇಕು. ದಡಕ್ಕೆ ಗ್ಯಾಸ್ ಕಳಿಸುತ್ತಿರುವಷ್ಟು ದಿನ ಇದು ತೊಂದರೆಯೇ ಅಲ್ಲ. ಬೇಡಿಕೆ ಇಲ್ಲದೆ ಹಡಗು ಸುಮ್ಮನೆ ನಿಂತ ತಿಂಗಳುಗಳಲ್ಲಿ ಇದೇ ತಲೆನೋವು.

ದ್ರವವನ್ನು ಪಂಪಿನಿಂದ 80ರಿಂದ 100 ಬಾರ್ ಒತ್ತಡಕ್ಕೆ ಏರಿಸಿ, ಆಮೇಲೆ ಬಿಸಿ ಮಾಡುತ್ತಾರೆ. ಈ ಕ್ರಮ ಜಾಣತನದ್ದು. ದ್ರವವನ್ನು ಒತ್ತುವುದಕ್ಕೆ ಹಿಡಿಯುವ ವಿದ್ಯುತ್ ಬಲು ಕಡಿಮೆ. ಗ್ಯಾಸ್ ಮಾಡಿ ಆಮೇಲೆ ಒತ್ತಲು ಹೊರಟರೆ ಕಂಪ್ರೆಸರ್ ಖರ್ಚು ಮೈಮೇಲೆ ಬರುತ್ತದೆ. ಎಸ್ಪೆರಾನ್ಸಾ ದಿನಕ್ಕೆ ಗರಿಷ್ಠ 75 ಕೋಟಿ ಘನ ಅಡಿ, ಅಂದರೆ 2.1 ಕೋಟಿ ಘನ ಮೀಟರ್ ಗ್ಯಾಸ್ ಕೊಡಬಲ್ಲದು. ಪೂರ್ಣ ವೇಗದಲ್ಲಿ ಓಡಿಸಿದರೆ ತುಂಬಿದ ಹಡಗು ಐದು ದಿನಕ್ಕೆ ಖಾಲಿ. ಎಜಿಎಲ್ ಹೇಳಿದ್ದ ಲೆಕ್ಕ ವರ್ಷಕ್ಕೆ 12ರಿಂದ 40 ಸರಕು ಹಡಗು, ಗರಿಷ್ಠ 160 ಪೆಟಾಜೂಲ್ ಶಕ್ತಿ (ಒಂದು ಪೆಟಾಜೂಲ್ ಅಂದರೆ ಹತ್ತು ಲಕ್ಷ ಗಿಗಾಜೂಲ್). ಈ ಸಂಖ್ಯೆ ಸರಿಯಿದೆ. 40 ಹಡಗು ಅಂದರೆ ಸುಮಾರು 30 ಲಕ್ಷ ಟನ್, ಟನ್ನಿಗೆ 52 ಗಿಗಾಜೂಲ್ ಹಾಕಿದರೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಯೋಜನೆಯ ಕಾಗದಗಳಲ್ಲಿ ಇಷ್ಟು ನೇರವಾಗಿ ತಾಳೆಯಾಗುವ ಲೆಕ್ಕ ಯಾವಾಗಲೂ ಸಿಗುವುದಿಲ್ಲ, ಅದಕ್ಕೆ ಒಂದು ಶಭಾಸ್ ಕೊಡಬಹುದು.

ದಡದಲ್ಲಿ ಇನ್ನೆರಡು ಕೆಲಸ ಬಾಕಿ ಇರುತ್ತವೆ. ಬೇರೆ ಬೇರೆ ದೇಶದ ಎಲ್‌ಎನ್‌ಜಿಯ ಶಾಖಾಂಶ ಬೇರೆ ಬೇರೆ. ಈಥೇನ್, ಪ್ರೊಪೇನ್ ಹೆಚ್ಚಿರುವ ಸರಕು ಬಂದರೆ ಮನೆಯ ಒಲೆಯ ಜ್ವಾಲೆ ಹಳದಿಗೆ ತಿರುಗಿ ಮಸಿ ಹಿಡಿಯುತ್ತದೆ. ಅದಕ್ಕೆ ನೈಟ್ರೋಜನ್ ಬೆರೆಸಿ ಗ್ಯಾಸನ್ನು ಆಸ್ಟ್ರೇಲಿಯಾದ ಮಾನಕದೊಳಗೆ ತರಬೇಕು. ಇನ್ನೊಂದು, ಎಲ್‌ಎನ್‌ಜಿಗೆ ವಾಸನೆಯೇ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ವಾಸನೆ ದ್ರವ್ಯ ಹಾಕಬೇಕು. ಕ್ರಿಬ್ ಪಾಯಿಂಟ್‌ನ ದಡದ ಘಟಕ ಇದಕ್ಕೇ ಇದ್ದದ್ದು. ಚಿಕ್ಕ ಘಟಕ, ಆದರೆ ನೈಟ್ರೋಜನ್ ತರುವ ಲಾರಿಗಳ ಓಡಾಟವನ್ನು ಊರಿನವರು ಲೆಕ್ಕಕ್ಕೆ ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆ.

ಜಟ್ಟಿಯೂ ಹೊಸದಲ್ಲ. 1960ರ ದಶಕದಲ್ಲಿ ಬಿಪಿ ಕಂಪನಿಯ ತೈಲ ಶುದ್ಧೀಕರಣಾಗಾರಕ್ಕೆ ಕಟ್ಟಿದ್ದು. ಶುದ್ಧೀಕರಣಾಗಾರ 1985ರಲ್ಲಿ ಮುಚ್ಚಿತು, ಜಟ್ಟಿ ಉಳಿಯಿತು. ಒಂದನೇ ಬರ್ತ್‌ನಲ್ಲಿ ಪೆಟ್ರೋಲ್-ಡೀಸೆಲ್ ಹಡಗುಗಳು ಬರುತ್ತಿದ್ದವು, ಗ್ಯಾಸ್ ಹಡಗಿಗೆ ಎರಡನೆಯದು. ಆಳವಾದ ಕಾಲುವೆ ಇದೆ, ಬಿರುಗಾಳಿಗೆ ದ್ವೀಪಗಳ ಮರೆ ಇದೆ, ಜಟ್ಟಿ ಇದೆ. ಎಂಜಿನಿಯರ್ ಕಣ್ಣಿಗೆ ಇದಕ್ಕಿಂತ ಅಗ್ಗದ ಜಾಗ ಕಾಣುವುದಿಲ್ಲ. ಜಾಗ ಆರಿಸಿದವರು ಎಡವಿದ್ದು ಇಲ್ಲೇ: ಅವರು ಹಡಗಿಗೆ ಏನು ಬೇಕು ಎಂದು ನೋಡಿದರು, ಹಡಗು ಏನನ್ನು ಹೊರಹಾಕುತ್ತದೆ ಎನ್ನುವುದು ಪಟ್ಟಿಯಲ್ಲಿ ಕೆಳಗೆ ಉಳಿಯಿತು.

ನೀರು

ಮೈನಸ್ 162 ಡಿಗ್ರಿಯ ದ್ರವವನ್ನು ಬಿಸಿ ಮಾಡುವುದಕ್ಕೆ ಮೂರು ದಾರಿ ಇವೆ. ಸಮುದ್ರದ ನೀರನ್ನೇ ಎಳೆದು, ಅದರ ಶಾಖ ಕಸಿದು, ತಣ್ಣಗಾದ ನೀರನ್ನು ವಾಪಸ್ ಬಿಡುವುದು ಒಂದು; ಇದಕ್ಕೆ ಓಪನ್ ಲೂಪ್ ಅನ್ನುತ್ತಾರೆ. ಹಡಗಿನ ಬಾಯ್ಲರ್‌ನಲ್ಲಿ ಗ್ಯಾಸ್ ಉರಿಸಿ, ಅದೇ ನೀರನ್ನು ಒಳಗೊಳಗೇ ಸುತ್ತಿಸಿ ಬಿಸಿ ಮಾಡುವುದು ಇನ್ನೊಂದು. ಇದು ಕ್ಲೋಸ್ಡ್ ಲೂಪ್. ಮೂರನೆಯದು ಎರಡರ ಬೆರಕೆ. ಕ್ರಿಬ್ ಪಾಯಿಂಟ್‌ನಲ್ಲಿ ಮುಖ್ಯವಾಗಿ ಮೊದಲನೆಯದನ್ನೇ ನಡೆಸುವ ಉದ್ದೇಶ ಇತ್ತು. ಸಮುದ್ರ ಶಾಖಕ್ಕೆ ಬಿಲ್ ಕಳಿಸುವುದಿಲ್ಲವಲ್ಲ!

ಎಷ್ಟು ನೀರು? ಗರಿಷ್ಠ ದಿನಕ್ಕೆ 4,68,000 ಘನ ಮೀಟರ್. ಅಂದರೆ 46.8 ಕೋಟಿ ಲೀಟರ್, ಸೆಕೆಂಡಿಗೆ ಐದೂ ಕಾಲು ಟನ್ನಿಗಿಂತ ಹೆಚ್ಚು. ಕಾವೇರಿಯ ಮೊದಲ ನಾಲ್ಕು ಹಂತಗಳಿಂದ ಬೆಂಗಳೂರಿಗೆ ಬರುತ್ತಿದ್ದ ನೀರು ದಿನಕ್ಕೆ ಸುಮಾರು 145 ಕೋಟಿ ಲೀಟರ್. ಅದರ ಮೂರನೇ ಒಂದು ಪಾಲಿನಷ್ಟನ್ನು ಒಂದೇ ಹಡಗು ಪ್ರತಿದಿನ ಎಳೆದು ಬಿಡಬೇಕಿತ್ತು. ಹೊರಬರುವ ನೀರು ಸುತ್ತಲಿನ ನೀರಿಗಿಂತ 7 ಡಿಗ್ರಿವರೆಗೆ ತಣ್ಣಗೆ.

ಈ ಸಂಖ್ಯೆಯನ್ನೂ ಕೈಲೆಕ್ಕದಲ್ಲಿ ನೋಡಬಹುದು. ಒಂದು ಕಿಲೋ ಸಮುದ್ರ ನೀರು ಒಂದು ಡಿಗ್ರಿ ತಣ್ಣಗಾದರೆ ಸುಮಾರು 4 ಕಿಲೋಜೂಲ್ ಕೊಡುತ್ತದೆ. 46.8 ಕೋಟಿ ಕಿಲೋ, 7 ಡಿಗ್ರಿ ಅಂದರೆ ದಿನಕ್ಕೆ 1,310 ಕೋಟಿ ಕಿಲೋಜೂಲ್. ಒಂದು ಕಿಲೋ ಎಲ್‌ಎನ್‌ಜಿಯನ್ನು ಗ್ಯಾಸ್ ಮಾಡಿ ಪೈಪಿಗೆ ಬಿಡುವ ಉಷ್ಣತೆಗೆ ತರಲು ಹತ್ತಿರ ಹತ್ತಿರ 800 ಕಿಲೋಜೂಲ್ ಬೇಕು. ಭಾಗಿಸಿದರೆ ದಿನಕ್ಕೆ 16 ಸಾವಿರ ಟನ್. ಹಡಗಿನ ಗರಿಷ್ಠ ವೇಗ 15 ಸಾವಿರ ಟನ್ನಿನ ಸುತ್ತಮುತ್ತ. ಹೀಗಾಗಿ ಅಷ್ಟು ನೀರು ಯಾಕೆ ಬೇಕು ಎನ್ನುವುದರಲ್ಲಿ ಗುಟ್ಟೇನೂ ಇಲ್ಲ, ಭೌತಶಾಸ್ತ್ರ ಅಷ್ಟು ಕೇಳುತ್ತದೆ. ನೀರು ಅರ್ಧಕ್ಕೆ ಇಳಿಸಿದರೆ ಚಳಿ, ಅಂದರೆ ನೀರು ತಣ್ಣಗಾಗುವ ಪ್ರಮಾಣ, 14 ಡಿಗ್ರಿಗೆ ಏರುತ್ತದೆ. ಚಳಿ ಇಳಿಸಿದರೆ ನೀರು ಏರುತ್ತದೆ. ಎರಡೂ ಕಡಿಮೆ ಬೇಕಿದ್ದರೆ ಗ್ಯಾಸ್ ಉರಿಸಬೇಕು.

ಗ್ಯಾಸ್ ಉರಿಸಿದರೆ ಎಷ್ಟು ಖರ್ಚು? ಅದೇ 1,310 ಕೋಟಿ ಕಿಲೋಜೂಲ್‌ಗೆ ಕಿಲೋಗೆ 50 ಸಾವಿರ ಕಿಲೋಜೂಲ್ ಕೊಡುವ ಗ್ಯಾಸ್, ಬಾಯ್ಲರ್ ನಷ್ಟ ಸೇರಿಸಿ ದಿನಕ್ಕೆ 300 ಟನ್. ತಂದ ಗ್ಯಾಸಿನಲ್ಲಿ ಶೇ. 2ರಷ್ಟು. ನೋಡಲು ಚಿಕ್ಕದು. ಆದರೆ ಅದು ಹತ್ತು ವರ್ಷ ದಿನವೂ ಹೋಗುವ ದುಡ್ಡು, ಜೊತೆಗೆ ದಿನಕ್ಕೆ 800 ಟನ್ ಇಂಗಾಲದ ಡೈಆಕ್ಸೈಡ್. ಹಡಗಿನ ಚಿಮಣಿಯಿಂದ ಹೊರಬರುವ ಹೊಗೆಗೂ ಅನುಮತಿ ಬೇಕು. ಕೊಲ್ಲಿ ಉಳಿಸಲು ಹೋದರೆ ಗಾಳಿಗೆ ಹೊರೆ ಎಂಬ ಸಂಕಟ ಇಲ್ಲಿದೆ. ಎಜಿಎಲ್ ಮೊದಲ ದಾರಿ ಹಿಡಿಯಿತು, ಅದರ ಬೆಲೆಯನ್ನು ಆಮೇಲೆ ತೆತ್ತಿತು.

ಚಳಿಗಿಂತ ಹೆಚ್ಚು ಗಲಾಟೆಯಾದದ್ದು ಕ್ಲೋರಿನ್ ಬಗ್ಗೆ. ಸಮುದ್ರದ ನೀರು ಹರಿಯುವ ಯಾವ ಪೈಪನ್ನೂ ಹಾಗೇ ಬಿಟ್ಟರೆ ಪಚ್ಚಿಲೆ, ಬಾರ್ನಕಲ್, ಪಾಚಿ ಒಳಗೇ ಮನೆ ಮಾಡುತ್ತವೆ. ಶಾಖ ದಾಟಿಸುವ ಕೊಳವೆಗಳ ಗೋಡೆಗೆ ತೆಳ್ಳಗೆ ಲೋಳೆ ಕಟ್ಟಿದರೂ ಸಾಕು, ಕೆಲಸ ಕುಂಠಿತ. ಆದ್ದರಿಂದ ಹಡಗಿನಲ್ಲೇ ಸಮುದ್ರದ ನೀರಿಗೆ ವಿದ್ಯುತ್ ಹಾಯಿಸಿ, ಅದರಲ್ಲಿರುವ ಉಪ್ಪಿನಿಂದಲೇ ಹೈಪೋಕ್ಲೋರೈಟ್ ತಯಾರಿಸಿ ಒಳಬರುವ ನೀರಿಗೆ ಬಿಡುತ್ತಾರೆ. ಹೊರಗಿನಿಂದ ರಾಸಾಯನಿಕ ತರಬೇಕಾಗಿಲ್ಲ, ಡ್ರಮ್ಮು ಕೂಡಿಡಬೇಕಾಗಿಲ್ಲ, ಬಂದರುಗಳಲ್ಲೆಲ್ಲ ಚಾಲ್ತಿಯಲ್ಲಿರುವ ಕ್ರಮವೇ. ಹೊರಬೀಳುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಕ್ಲೋರಿನ್ ಉಳಿಯುತ್ತದೆ ಎಂದು ಯೋಜನೆ ಹೇಳಿತ್ತು. ಕುಡಿಯುವ ನಲ್ಲಿ ನೀರಿನಲ್ಲಿ ಅದಕ್ಕಿಂತ ಹೆಚ್ಚು ಇರುತ್ತದೆ ಎನ್ನುವುದು ಕಂಪನಿ ಪರದವರಿಗೆ ಸಲೀಸಾಗಿ ಸಿಗುವ ವಾದ. ನಲ್ಲಿ ನೀರಿನಲ್ಲಿ ಮರಿಮೀನು ಬೆಳೆಸಲು ಹೋದವರಿಗೆ ಆ ವಾದದ ತೂಕ ಗೊತ್ತು. 46.8 ಕೋಟಿ ಲೀಟರಿಗೆ ಗುಣಿಸಿದರೆ ದಿನಕ್ಕೆ ಸುಮಾರು 47 ಕಿಲೋ. ಜೊತೆಗೆ ನೀರಿನೊಂದಿಗೆ ಒಳಹೋಗುವ ಮೀನಿನ ಮೊಟ್ಟೆ, ಮರಿ, ಪ್ಲವಕಗಳಿಗೆ (ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳು) ಕ್ಲೋರಿನ್ ಪ್ರಮಾಣ ಹೊರಬೀಳುವ ಹೊತ್ತಿಗೆ ಎಷ್ಟಿದೆ ಎನ್ನುವುದು ಮುಖ್ಯವಲ್ಲ. ಅವು ಒಳಗೇ ಪಂಪಿನ ಏಟು, ಕ್ಲೋರಿನ್, ಚಳಿ ಮೂರನ್ನೂ ಒಟ್ಟಿಗೆ ಉಣ್ಣುತ್ತವೆ. ಬಲೆಯ ಕಣ್ಣು ಎಷ್ಟೇ ಸಣ್ಣದು ಮಾಡಿದರೂ ಮೊಟ್ಟೆ ನುಸುಳಿ ಹೋಗುತ್ತದೆ.

ಜಾಗ

ಇದೇ ನೀರನ್ನು ತೆರೆದ ಸಮುದ್ರಕ್ಕೆ ಬಿಟ್ಟಿದ್ದರೆ ಕತೆ ಬೇರೆ ಆಗುತ್ತಿತ್ತೇನೋ. ವೆಸ್ಟರ್ನ್ ಪೋರ್ಟ್ ತಟ್ಟೆಯಂಥ ಕೊಲ್ಲಿ. ಒಟ್ಟು 680 ಚದರ ಕಿ.ಮೀ. ವಿಸ್ತಾರ, ಅದರಲ್ಲಿ 270 ಚದರ ಕಿ.ಮೀ. ಇಳಿತದ ಹೊತ್ತಿಗೆ ನೀರಿಂದ ಮೇಲೇಳುವ ಕೆಸರು ಬಯಲು. ಅಂಚಿಗೆ ಕಾಂಡ್ಲಾ ಗಿಡ, ಒಳಗೆ ಕಡಲ ಹುಲ್ಲು, ನಡುವೆ ಫ್ರೆಂಚ್ ದ್ವೀಪ, ಬಾಯಿಗೆ ಅಡ್ಡಲಾಗಿ ಪುಟ್ಟ ಪೆಂಗ್ವಿನ್‌ಗಳಿಗೆ ಹೆಸರಾದ ಫಿಲಿಪ್ ದ್ವೀಪ. 1982ರಲ್ಲೇ ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ತೇವಭೂಮಿಗಳ ಪಟ್ಟಿಗೆ, ಸೇರಿದ ಜಾಗ. ದೂರದ ಸೈಬೀರಿಯಾ, ಅಲಾಸ್ಕದಿಂದ ಬರುವ ವಲಸೆ ಹಕ್ಕಿಗಳು ಈ ಕೆಸರಿನಲ್ಲಿ ಕೊಕ್ಕು ಆಡಿಸುತ್ತವೆ. ಕಾಲುವೆಯಲ್ಲಿ ಭರತ-ಇಳಿತದ ಸೆಳೆತ ಜೋರು, ಹಾಗಾಗಿ ಹೊರಬಿಟ್ಟ ನೀರು ಬೇಗ ಬೆರೆಯುತ್ತದೆ ಎಂದು ಮಾದರಿ ಲೆಕ್ಕಗಳು ತೋರಿಸಿದವು. ಸೆಳೆತ ತಿರುಗುವ ಹೊತ್ತಿನ ನಿಂತ ನೀರಿನಲ್ಲಿ ತಣ್ಣನೆಯ ನೀರು ಭಾರವಾಗಿ ತಳಕ್ಕೆ ಕೂರುತ್ತದೆ ಎಂಬುದೂ ಅಷ್ಟೇ ನಿಜ. ಈ ಕೊಲ್ಲಿಗೆ ಹಳೆಯ ಗಾಯವೂ ಇದೆ: 1970ರ ದಶಕದಿಂದ 80ರ ದಶಕದ ನಡುವೆ ಇಲ್ಲಿನ ಕಡಲ ಹುಲ್ಲು ಬಹುಪಾಲು ಸತ್ತುಹೋಗಿತ್ತು, ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಅಂಥ ಕಡೆ ‘ಪರಿಣಾಮ ಅಲ್ಪ’ ಎಂದು ಸಾಬೀತು ಮಾಡುವ ಹೊರೆ ತರುವವನ ಮೇಲೆಯೇ ಬೀಳುತ್ತದೆ.

2018ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಪೂರ್ಣ ಪರಿಸರ ಪರಿಣಾಮ ವರದಿ ಕೇಳಿತು. ವರದಿ 2020ರ ಮಧ್ಯದಲ್ಲಿ ಜನರ ಮುಂದೆ ಬಂತು. ಬಂದ ಅಭಿಪ್ರಾಯಗಳು ಆರು ಸಾವಿರಕ್ಕೂ ಮೇಲೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕೋವಿಡ್ ಕಾರಣ ಆನ್‌ಲೈನಿನಲ್ಲೇ ವಿಚಾರಣೆ ನಡೆಯಿತು. ಸೇವ್ ವೆಸ್ಟರ್ನ್‌ಪೋರ್ಟ್‌ನಂಥ ಸ್ಥಳೀಯ ಗುಂಪುಗಳು ಸಮುದ್ರಜೀವಿ ತಜ್ಞರನ್ನು ಮುಂದಿಟ್ಟುಕೊಂಡೇ ಬಂದವು. ನಿರ್ಣಾಯಕವಾದ ಅಂಶ ಭಾವುಕವಾದದ್ದಲ್ಲ, ಒಣ ಕಾನೂನಿನದು. ವಿಕ್ಟೋರಿಯಾದ ಆಗಿನ ಜಲ ನೀತಿ ಹೆಚ್ಚಿನ ಸಂರಕ್ಷಣಾ ಮೌಲ್ಯದ ನೀರಿಗೆ ತ್ಯಾಜ್ಯ ನೀರು ಬಿಡುವುದನ್ನು ಒಪ್ಪುತ್ತಿರಲಿಲ್ಲ. ಕ್ಲೋರಿನ್ ಬೆರೆತ ತಣ್ಣೀರು ಆ ವ್ಯಾಖ್ಯೆಯಲ್ಲಿ ತ್ಯಾಜ್ಯ ನೀರೇ. ರಾಮ್ಸಾರ್ ಕೊಲ್ಲಿ ಹೆಚ್ಚಿನ ಮೌಲ್ಯದ ನೀರೇ. ಈ ಎರಡು ಸಾಲನ್ನು 2017ರಲ್ಲೇ ಪಕ್ಕಪಕ್ಕ ಇಟ್ಟು ಓದಿದ್ದರೆ ಮೂರೂವರೆ ವರ್ಷ ಉಳಿಯುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಎಜಿಎಲ್ ಜಾಣತನ ತೋರಿತು. ಹಡಗಿನ ಬಾಡಿಗೆ ಕರಾರನ್ನು ಅನುಮತಿಗೆ ಕಟ್ಟಿಹಾಕಿತ್ತು. ಅನುಮತಿ ಬರದಿದ್ದರೆ ಹತ್ತು ವರ್ಷದ ಬಾಡಿಗೆ ಹೆಗಲ ಮೇಲೆ ಬೀಳದ ಹಾಗೆ. ತಯಾರಿಯ ಖರ್ಚು ಮುಳುಗಿತು, ದೊಡ್ಡ ಖರ್ಚು ತಪ್ಪಿತು. ಭೂಮಿಯ ಮೇಲೆ ಟ್ಯಾಂಕ್ ಕಟ್ಟಿ ಕೂತಿದ್ದರೆ ಹೀಗೆ ಜಾರಿಕೊಳ್ಳಲು ಆಗುತ್ತಿರಲಿಲ್ಲ. ತೇಲುವ ಟರ್ಮಿನಲ್ ಸೇವೆಯ ನಿಜವಾದ ಗುಣ ಯಾವುದು ಎಂದು ಕೇಳಿದರೆ, ವೇಗಕ್ಕಿಂತ ಮೊದಲು ಈ ಜಾರಿಕೊಳ್ಳುವ ಅನುಕೂಲವನ್ನೇ ಹೇಳಬೇಕು.

ಬೇಡಿಕೆ ಇತ್ತೇ ಎಂಬ ಪ್ರಶ್ನೆಗೆ ಇತ್ತು ಎಂದೇ ಉತ್ತರ. ವಿಚಿತ್ರವೆಂದರೆ ಆಸ್ಟ್ರೇಲಿಯಾ ಜಗತ್ತಿನ ಅತಿದೊಡ್ಡ ಎಲ್‌ಎನ್‌ಜಿ ರಫ್ತುದಾರರಲ್ಲಿ ಒಂದು. ಕ್ವೀನ್ಸ್‌ಲೆಂಡ್‌ನ ಗ್ಲ್ಯಾಡ್‌ಸ್ಟನ್‌ನಿಂದ ಹಡಗುಗಟ್ಟಲೆ ಗ್ಯಾಸ್ ಏಷ್ಯಾಕ್ಕೆ ಹೋಗುತ್ತದೆ. ದಕ್ಷಿಣದ ವಿಕ್ಟೋರಿಯಾ ಬಾಸ್ ಜಲಸಂಧಿಯ ಹಳೆಯ ಬಾವಿಗಳನ್ನು ನಂಬಿತ್ತು, ಅವು ಬತ್ತುತ್ತಿವೆ. ಮೆಲ್ಬೋರ್ನ್‌ನ ಮನೆಗಳು ಚಳಿಗಾಲದಲ್ಲಿ ಗ್ಯಾಸ್ ಹೀಟರ್ ಮೇಲೆಯೇ ಬದುಕುವುದರಿಂದ ಬೇಡಿಕೆ ವರ್ಷವಿಡೀ ಸಮನಾಗಿಲ್ಲ, ಜೂನ್-ಜುಲೈನಲ್ಲಿ ಏಕಾಏಕಿ ಚಿಮ್ಮುತ್ತದೆ. ಗ್ಯಾಸ್ ಅತಿ ಹೆಚ್ಚು ಬೇಕಾದ ಆ ವಾರಗಳಲ್ಲೇ ಕೊಲ್ಲಿಯ ನೀರು ಅತಿ ತಣ್ಣಗೆ, 10-12 ಡಿಗ್ರಿ. ಅದರಿಂದ 7 ಡಿಗ್ರಿ ಕಸಿದರೆ ಉಳಿಯುವುದು ಎಷ್ಟು ಎಂದು ನೋಡಿ. ಓಪನ್ ಲೂಪ್ ತನ್ನ ಅತಿ ಕೆಟ್ಟ ಸ್ಥಿತಿಯಲ್ಲಿದ್ದಾಗಲೇ ಅದರಿಂದ ಅತಿ ಹೆಚ್ಚು ಕೆಲಸ ಕೇಳುವ ಏರ್ಪಾಡು ಅದು. ಬ್ರೋಷರ್‌ಗಳಲ್ಲಿ ವಾರ್ಷಿಕ ಸಾಮರ್ಥ್ಯ ಬರೆದಿರುತ್ತಾರೆ; ನೋಡಬೇಕಾದದ್ದು ಅತಿ ಚಳಿಯ ದಿನದ ಸಾಮರ್ಥ್ಯ.

ಅದೇ ಹಡಗು, ಬೇರೆ ದಡ

2022ರ ಡಿಸೆಂಬರ್ 15ರಂದು ಎಸ್ಪೆರಾನ್ಸಾ ಜರ್ಮನಿಯ ವಿಲ್‌ಹೆಲ್ಮ್ಸ್‌ಹಾಫನ್‌ಗೆ ಬಂದು ಕಟ್ಟಿಕೊಂಡಿತು, ಎರಡು ದಿನದ ಮೇಲೆ ಚಾನ್ಸಲರ್ ಓಲಾಫ್ ಶೋಲ್ಝ್ ಉದ್ಘಾಟಿಸಿದರು. ತಮಾಷೆಯೆಂದರೆ ಆ ಊರೂ ಒಂದು ರದ್ದಾದ ಯೋಜನೆಯ ಜಾಗವೇ. ಯುನಿಪರ್ ಕಂಪನಿ ಅಲ್ಲಿ ತೇಲುವ ಟರ್ಮಿನಲ್ ಹಾಕಲು ಹೊರಟು, ಗ್ಯಾಸ್ ತರುವವರು ಖಚಿತ ಬುಕ್ಕಿಂಗ್ ಮಾಡದ ಕಾರಣ 2020ರ ಕೊನೆಗೆ ಹಿಂಜರಿದು, 2021ರಲ್ಲಿ ಹೈಡ್ರೋಜನ್ ಮಾತಾಡಲು ಶುರುಮಾಡಿತ್ತು. ರಷ್ಯಾ ಉಕ್ರೇನ್ ಮೇಲೆ ಬಿದ್ದ ಮೇಲೆ ಎಲ್ಲವೂ ತಿರುಗಿತು. 2022ರ ಮೇ ತಿಂಗಳಲ್ಲಿ ಕೆಲಸ ಶುರು, ಡಿಸೆಂಬರಿನಲ್ಲಿ ಗ್ಯಾಸ್. ದಡದ ಪೈಪು 26 ಕಿ.ಮೀ. ಮಾತ್ರ.

ಇದನ್ನು ತೇಲುವ ಟರ್ಮಿನಲ್‌ನ ವೇಗಕ್ಕೆ ಸಾಕ್ಷಿ ಎಂದು ತೋರಿಸುವವರಿದ್ದಾರೆ. ಅರ್ಧ ಸತ್ಯ. ಜರ್ಮನಿ ಇಂಥ ಟರ್ಮಿನಲ್‌ಗಳಿಗೆಂದೇ ಹೊಸ ಕಾಯ್ದೆ ತಂದು ಪರಿಸರ ಪರಿಣಾಮದ ಪರಿಶೀಲನೆಯನ್ನು ಬದಿಗಿಡಲು ಅವಕಾಶ ಮಾಡಿಕೊಂಡಿತ್ತು. ಕ್ರಿಬ್ ಪಾಯಿಂಟ್‌ನಲ್ಲಿ ಎರಡು ವರ್ಷ ತಿಂದ ಹಂತವನ್ನೇ ಇಲ್ಲಿ ಕಾನೂನು ಕತ್ತರಿಸಿತು. ಹಡಗು ಎರಡೂ ಕಡೆ ಅಷ್ಟೇ ವೇಗವಾಗಿ ಬರುತ್ತಿತ್ತು. ಕ್ಲೋರಿನ್ ಜಗಳವೂ ಹಡಗಿನ ಜೊತೆಗೇ ಬಂತು: ಪಕ್ಕದಲ್ಲೇ ವಾಡನ್ ಸಮುದ್ರದ ಕೆಸರು ಬಯಲು, ಜರ್ಮನಿಯ ಪರಿಸರ ಸಂಘಟನೆ ಡಾಯ್ಚೆ ಉಮ್‌ವೆಲ್ಟ್‌ಹಿಲ್ಫೆ ಕ್ಲೋರಿನ್ ನೀರಿನ ಅನುಮತಿಯನ್ನು ಪ್ರಶ್ನಿಸಿತು. ಅದೇ ಊರಿನ ಎರಡನೇ ಟರ್ಮಿನಲ್‌ಗೆ ಪೈಪಿನಲ್ಲಿ ಜೀವಿ ಅಂಟದಂತೆ ಕ್ಲೋರಿನ್ ಬದಲು ಅಲ್ಟ್ರಾಸೌಂಡ್ ಬಳಸುವ ಏರ್ಪಾಡು ಹಾಕಿಕೊಂಡರು. ಉತ್ತರ ಸಮುದ್ರದ ಚಳಿಗಾಲದ ನೀರು ವೆಸ್ಟರ್ನ್ ಪೋರ್ಟ್‌ಗಿಂತ ತಣ್ಣಗಿರುವುದರಿಂದ ಬಾಯ್ಲರ್ ನೆರವಿಲ್ಲದೆ ಪೂರ್ಣ ವೇಗ ಸಿಗುವುದೂ ಇಲ್ಲ.

ಆಸ್ಟ್ರೇಲಿಯಾದಲ್ಲಿ ಉಳಿದ ಎರಡು ಯೋಜನೆಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಕ್ರಿಬ್ ಪಾಯಿಂಟ್‌ನ ತಪ್ಪು ಇನ್ನೂ ಸ್ಪಷ್ಟ. ನ್ಯೂ ಸೌತ್ ವೇಲ್ಸ್‌ನ ಪೋರ್ಟ್ ಕೆಂಬ್ಲಾದಲ್ಲಿ ಸ್ಕ್ವಾಡ್ರನ್ ಎನರ್ಜಿ ಕೈಗಾರಿಕಾ ಬಂದರಿನೊಳಗೇ ಜಟ್ಟಿ ಕಟ್ಟಿತು. 2019ರಲ್ಲೇ ಅನುಮತಿ ಸಿಕ್ಕಿತು, 2024ರ ಕೊನೆಗೆ ದಡದ ಕೆಲಸ ಮುಗಿಯಿತು. ಗಿರಾಕಿ ಮಾತ್ರ ಸಹಿ ಹಾಕಲಿಲ್ಲ. ಅಲ್ಲಿಗೆಂದು ಹಿಡಿದಿದ್ದ ಹೊಯೆಗ್ ಗ್ಯಾಲಿಯನ್ ಹಡಗು 2024ರಲ್ಲಿ ಈಜಿಪ್ಟಿನ ಐನ್ ಸೊಖ್ನಾಗೆ ಹೋಯಿತು. ಜೀಲಾಂಗ್‌ನಲ್ಲಿ ವಿವಾ ಎನರ್ಜಿ ಬೇರೆ ಯುಕ್ತಿ ಹೂಡಿತು. ಅದರ ಶುದ್ಧೀಕರಣಾಗಾರ ಹೇಗೂ ತಂಪಿಗೆ ಸಮುದ್ರದ ನೀರು ಎಳೆದು, ಬಿಸಿ ಮಾಡಿ, ಕ್ಲೋರಿನ್ ಸಮೇತ ಬಿಡುತ್ತಿತ್ತು. ಹಡಗಿನಿಂದ ಬರುವ ತಣ್ಣೀರನ್ನೇ ಶುದ್ಧೀಕರಣಾಗಾರದ ತಂಪಿಗೆ ಕೊಟ್ಟರೆ ಒಂದರ ಚಳಿ ಇನ್ನೊಂದರ ಬಿಸಿಗೆ ವಜಾ. ಹೊಸದಾಗಿ ಕೊಲ್ಲಿಗೆ ಬೀಳುವ ಹೊರೆ ಬಹಳ ಕಡಿಮೆ. 2025ರ ಮೇ ತಿಂಗಳಲ್ಲಿ ಅದೇ ವಿಕ್ಟೋರಿಯಾ ಸರ್ಕಾರ ಈ ಯೋಜನೆಯ ಪರಿಸರ ಪರಿಣಾಮವನ್ನು ಒಪ್ಪಿತು. ಕ್ರಿಬ್ ಪಾಯಿಂಟ್‌ನಲ್ಲೂ 1985ಕ್ಕೆ ಮೊದಲು ಶುದ್ಧೀಕರಣಾಗಾರ ಇತ್ತು. ಗ್ಯಾಸ್ ಹಡಗು ಮೂವತ್ತೈದು ವರ್ಷ ತಡವಾಗಿ ಹೋಯಿತು ಅನ್ನಬೇಕು.

ನಮ್ಮ ಕರಾವಳಿಗೆ ಮಾರಲು ಬಂದರೆ

ಈ ಸರಕು ಭಾರತಕ್ಕೂ ಬಂದು ಹೋಗಿದೆ. 2021ರಲ್ಲಿ ಹೊಯೆಗ್ ಜೈಂಟ್ ಹಡಗು ರತ್ನಾಗಿರಿ ಜಿಲ್ಲೆಯ ಜೈಗಡಕ್ಕೆ ಬಂತು, ವಾಣಿಜ್ಯ ಪೂರೈಕೆ ಶುರುವಾಗದೆ ಬೇರೆ ದೇಶದ ದಾರಿ ಹಿಡಿಯಿತು. ಮಂಗಳೂರಿನಲ್ಲೂ ಎಲ್‌ಎನ್‌ಜಿ ಟರ್ಮಿನಲ್ ಮಾತು ಹತ್ತು ವರ್ಷದ ಹಿಂದೆಯೇ ಎದ್ದಿತ್ತು. ಕೊನೆಗೆ ಗ್ಯಾಸ್ ಬಂದದ್ದು ಕೊಚ್ಚಿಯಿಂದ, 450 ಕಿ.ಮೀ. ಪೈಪಿನಲ್ಲಿ. ಪೆಟ್ರೋನೆಟ್‌ನ 50 ಲಕ್ಷ ಟನ್ ಸಾಮರ್ಥ್ಯದ ಕೊಚ್ಚಿ ಟರ್ಮಿನಲ್ 2013ರಲ್ಲೇ ಸಿದ್ಧವಾಗಿತ್ತು, ಪೈಪು ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ನಡುವಿನ ಏಳು ವರ್ಷ ಟರ್ಮಿನಲ್ ಬಹುಪಾಲು ಖಾಲಿ ಕೂತಿತು. ಪೈಪು ಹೋಗುವ ಜಮೀನಿನ ಜಗಳ ಒಂದು ಕಡೆ, ಕಾಸರಗೋಡಿನ ಚಂದ್ರಗಿರಿ ನದಿಯಡಿ ಕೊರೆಯುವ ಕೆಲಸ ಕೊನೆಯವರೆಗೂ ಸತಾಯಿಸಿದ್ದು ಇನ್ನೊಂದು ಕಡೆ. ಹಡಗು ಆರು ತಿಂಗಳಲ್ಲಿ ಬರುತ್ತದೆ ಎನ್ನುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ, ಪೈಪು ಯಾರ ಜಮೀನಲ್ಲಿ ಹೋಗುತ್ತದೆ ಎಂದು.

ಎರಡನೆಯದು ಮಳೆಗಾಲ. ವೆಸ್ಟರ್ನ್ ಪೋರ್ಟ್‌ಗೆ ದ್ವೀಪದ ಮರೆ ಇತ್ತು. ಪಶ್ಚಿಮ ಕರಾವಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲೆ ನೇರವಾಗಿ ಬಂದು ಹೊಡೆಯುತ್ತದೆ. ಅಲೆತಡೆ ಗೋಡೆ ಪೂರ್ಣವಾಗದೆ ದಾಭೋಲ್ ಟರ್ಮಿನಲ್ ವರ್ಷಗಟ್ಟಲೆ ಮಳೆಗಾಲದಲ್ಲಿ ಸರಕು ಹಡಗು ಹತ್ತಿರ ಬಿಟ್ಟುಕೊಳ್ಳಲು ಆಗಲಿಲ್ಲ. ಎರಡು ದೊಡ್ಡ ಹಡಗು ಮೈಗೆ ಮೈ ತಾಗಿಸಿ ನಿಲ್ಲುವ ಏರ್ಪಾಡಿಗೆ ಇದು ಇನ್ನೂ ಕಠಿಣ. ಹೋಸ್ ತಡೆಯುವಷ್ಟು ಮಾತ್ರ ಹಡಗು ಓಲಾಡಬಹುದು. ಅಲೆತಡೆಯ ಖರ್ಚನ್ನು ಬಾಡಿಗೆ ಲೆಕ್ಕದ ಹೊರಗಿಟ್ಟು ‘ಅಗ್ಗ’ ಎಂದು ತೋರಿಸಿದ ಯಾವ ಕಾಗದವನ್ನೂ ನಂಬಬಾರದು.

ನೀರಿನ ವಿಷಯದಲ್ಲಿ ಅರಬ್ಬೀ ಸಮುದ್ರ ಹಡಗಿಗೆ ಅನುಕೂಲವೇ. ವರ್ಷವಿಡೀ 26ರಿಂದ 30 ಡಿಗ್ರಿ, ಬಾಯ್ಲರ್ ಹಚ್ಚುವ ಅಗತ್ಯವೇ ಬಾರದು. ಆದರೆ ಬೆಚ್ಚನೆಯ ನೀರಿನಲ್ಲಿ ಪಚ್ಚಿಲೆ, ಬಾರ್ನಕಲ್ ಬೆಳೆಯುವ ವೇಗವೂ ಹೆಚ್ಚು. ವೆಸ್ಟರ್ನ್ ಪೋರ್ಟ್‌ನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಎಂದ ಯಂತ್ರವೇ ಇಲ್ಲಿ ಹೆಚ್ಚು ಕ್ಲೋರಿನ್ ಕೇಳುತ್ತದೆ. ಆದ್ದರಿಂದ ನೀರು ಬಿಡುವ ಕೊಳವೆಯ ಬಾಯಿ ಎಲ್ಲಿ, ನದಿಯ ಅಳಿವೆಯಿಂದ ಎಷ್ಟು ದೂರ, ಮರಿಮೀನು ಒಳನಾಡಿಗೆ ಹೋಗುವ ತಿಂಗಳಲ್ಲಿ ಪಂಪು ಎಷ್ಟು ಓಡುತ್ತದೆ, ಹತ್ತಿರದಲ್ಲಿ ಬಿಸಿನೀರು ಬಿಡುವ ಕಾರ್ಖಾನೆ ಇದ್ದರೆ ಜೀಲಾಂಗ್‌ನಂತೆ ಎರಡನ್ನೂ ಜೋಡಿಸಲು ಬರುತ್ತದೆಯೇ, ಈ ನಾಲ್ಕಕ್ಕೆ ಸಂಖ್ಯೆಯಲ್ಲಿ ಉತ್ತರ ಬರೆಸಿಕೊಂಡ ಮೇಲೆಯೇ ಹಡಗಿನ ಫೋಟೋ ನೋಡಲು ಕೂರಬಹುದು.